ಅರ್ಧ ಕೆಟ್ಟ ಬಿಡಿಭಾಗಕ್ಕೂ ವಾರಂಟಿ ಇದೆ: ಕಂಪ್ಯೂಟರ್ ಕಂಪನಿಗಳಿಗೆ ಒಂದು ಬಹಿರಂಗ ಪತ್ರ

ಕಂಪ್ಯೂಟರ್ ಬಿಡಿಭಾಗಗಳನ್ನು ತಯಾರಿಸುವ ಕಂಪನಿಗಳ ವಾರಂಟಿ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ಪೂರ್ತಿ ಕೆಟ್ಟುಹೋದ ಬಿಡಿಭಾಗವನ್ನು ಬದಲಾಯಿಸಿಕೊಡಲು ನಿಮ್ಮಲ್ಲಿ ಹೆಚ್ಚಿನವರು ತಕರಾರು ಮಾಡುವುದಿಲ್ಲ. ಎಸ್‌ಎಂಪಿಎಸ್ (ವಿದ್ಯುತ್ ಪೂರೈಸುವ ಘಟಕ) ಆನ್ ಆಗದಿದ್ದರೆ, ಗ್ರಾಫಿಕ್ಸ್ ಕಾರ್ಡ್‌ನಿಂದ ಪರದೆಗೆ ಏನೂ ಬರದಿದ್ದರೆ, ನಿಮ್ಮ ಸಿಬ್ಬಂದಿ ಬಿಲ್ ನೋಡುತ್ತಾರೆ, ಸೀರಿಯಲ್ ನಂಬರ್ ತಾಳೆ ನೋಡುತ್ತಾರೆ, ಬೇರೊಂದನ್ನು ಕೊಡುತ್ತಾರೆ. ನಾನು ಬರೆಯುತ್ತಿರುವುದು ಅರ್ಧ ಕೆಟ್ಟವುಗಳ ಬಗ್ಗೆ. ಬೆಳಗ್ಗೆ ಸರಿಯಾಗಿ ಕೆಲಸ ಮಾಡಿ ಸಂಜೆ ಕೈಕೊಡುವ, ಹಲವು ದಿನ ಸುಮ್ಮನಿದ್ದು ಒಮ್ಮೆಲೇ ಕೆಲಸದ ನಡುವೆ ಕಂಪ್ಯೂಟರನ್ನು ನಿಲ್ಲಿಸಿಬಿಡುವ ರ‍್ಯಾಮ್, ಪ್ರೊಸೆಸರ್, ಮದರ್‌ಬೋರ್ಡ್‌ಗಳ ಬಗ್ಗೆ. ಇಂಥ ಬಿಡಿಭಾಗ ನಿಮ್ಮ ಮೇಜಿಗೆ ಬಂದಾಗ ಬಹಳ ಸಲ ಅದಕ್ಕೆ ಸಿಗುವುದು ಒಂದು ಸಾಲಿನ ಷರಾ: ‘ಪರೀಕ್ಷಿಸಲಾಗಿದೆ, ದೋಷ ಕಂಡುಬಂದಿಲ್ಲ.’ ಆ ಸಾಲಿನಿಂದ ಗ್ರಾಹಕರಿಗೆ ಆಗುತ್ತಿರುವ ಅನ್ಯಾಯವನ್ನು ನಿಮ್ಮ ಗಮನಕ್ಕೆ ತರಬೇಕೆಂದೇ ಈ ಪತ್ರ.

ಮೊದಲಿಗೆ, ಇಂಥ ದೋಷ ಮನೆಯಲ್ಲಿ ಹೇಗೆ ಕಾಣಿಸಿಕೊಳ್ಳುತ್ತದೆ ಎಂದು ಹೇಳುತ್ತೇನೆ. ಒಂದು ದಿನ ನೀಲಿ ಪರದೆ ಬಂದು ‘ಮೆಮೊರಿ ಮ್ಯಾನೇಜ್‌ಮೆಂಟ್’ ಎನ್ನುತ್ತದೆ. ಇನ್ನೊಂದು ದಿನ ‘ಪೇಜ್ ಫಾಲ್ಟ್ ಇನ್ ನಾನ್‌ಪೇಜ್ಡ್ ಏರಿಯಾ’ ಎನ್ನುತ್ತದೆ. ಮತ್ತೊಂದು ದಿನ ನೀಲಿ ಪರದೆಯೂ ಇಲ್ಲದೆ ಯಂತ್ರ ತಾನಾಗಿಯೇ ರೀಸ್ಟಾರ್ಟ್ ಆಗುತ್ತದೆ. ಬ್ರೌಸರ್ ಕಾರಣವಿಲ್ಲದೆ ಮುಚ್ಚಿಕೊಳ್ಳುತ್ತದೆ. ದೊಡ್ಡ ಜಿಪ್ ಫೈಲೊಂದನ್ನು ಬಿಚ್ಚಲು ಹೋದರೆ ಫೈಲ್ ಕೆಟ್ಟಿದೆ ಎಂಬ ಸಂದೇಶ ಬರುತ್ತದೆ. ಅದೇ ಫೈಲ್ ಎರಡನೆಯ ಸಲ ಸರಾಗವಾಗಿ ಬಿಚ್ಚಿಕೊಳ್ಳುತ್ತದೆ. ದೂರು ಹೇಳಿದರೆ ಸಿಗುವ ಮೊದಲ ಉತ್ತರ: ‘ಫಾರ್ಮ್ಯಾಟ್ ಮಾಡಿ, ವಿಂಡೋಸ್ ಮತ್ತೆ ಹಾಕಿ ನೋಡಿ.’ ಪ್ರತಿ ಸಲವೂ ಬೇರೆ ಬೇರೆ ತಪ್ಪು ಕಾಣಿಸುತ್ತಿರುವುದರಿಂದ ಇದು ಸಾಫ್ಟ್‌ವೇರ್‌ನ ಗೊಂದಲವೇ ಇರಬೇಕು ಎಂಬುದು ಹಾಗೆ ಹೇಳುವವರ ತರ್ಕ.

ಆ ತರ್ಕ ತಲೆಕೆಳಗಾಗಿದೆ. ಸಾಫ್ಟ್‌ವೇರ್ ದೋಷ ಸಾಮಾನ್ಯವಾಗಿ ಒಂದೇ ಜಾಗದಲ್ಲಿ, ಒಂದೇ ಡ್ರೈವರ್‌ನ ಹೆಸರಿನಲ್ಲಿ ಮರುಕಳಿಸುತ್ತದೆ. ರ‍್ಯಾಮ್‌ನಲ್ಲಿ ಒಂದು ಕೋಶ ಕೆಟ್ಟಿದ್ದರೆ ಆ ಜಾಗಕ್ಕೆ ಇಂದು ಡ್ರೈವರ್ ಬಂದು ಕೂರುತ್ತದೆ, ನಾಳೆ ಬ್ರೌಸರ್‌ನ ಪುಟ ಬರುತ್ತದೆ, ನಾಡಿದ್ದು ಡಿಸ್ಕಿಗೆ ಬರೆಯಬೇಕಾದ ಫೋಟೊ ಬರುತ್ತದೆ. ಕಾರ್ಯಾಚರಣಾ ವ್ಯವಸ್ಥೆ ಮೆಮೊರಿಯನ್ನು ಪ್ರತಿ ಸಲವೂ ಹೊಸದಾಗಿ ಹಂಚುವುದರಿಂದ ಬಲಿಯಾಗುವ ಪ್ರೋಗ್ರಾಮ್ ಬದಲಾಗುತ್ತದೆ, ಕೆಟ್ಟ ಜಾಗ ಬದಲಾಗುವುದಿಲ್ಲ. ದಿನಕ್ಕೊಂದು ಬಗೆಯ ತಪ್ಪು ಕಾಣಿಸುತ್ತಿದೆ ಎಂದು ಗ್ರಾಹಕರು ಹೇಳಿದಾಗ ನಿಮ್ಮ ಸಿಬ್ಬಂದಿ ಹಾರ್ಡ್‌ವೇರನ್ನು ಇನ್ನೂ ಹೆಚ್ಚಾಗಿ ಅನುಮಾನಿಸಬೇಕು. ಅನುಭವಿಗಳಿಗೂ ಇದು ಸುಲಭಕ್ಕೆ ಹೊಳೆಯುವುದಿಲ್ಲ ನಿಜ. 2022ರಲ್ಲಿ ಲಿನಕ್ಸ್ ಕರ್ನಲ್‌ನ ಜನಕ ಲಿನಸ್ ಟೋರ್ವಾಲ್ಡ್ಸ್ ಅವರ ಯಂತ್ರದಲ್ಲಿಯೇ ರ‍್ಯಾಮ್ ಕೆಟ್ಟು ಕಂಪೈಲ್ (ಕೋಡನ್ನು ಯಂತ್ರಭಾಷೆಗೆ ತಿರುಗಿಸುವ) ಕೆಲಸಗಳು ಅಡ್ಡಾದಿಡ್ಡಿಯಾಗಿ ವಿಫಲವಾಗತೊಡಗಿದಾಗ ಅವರು ಮೊದಲು ಅನುಮಾನಿಸಿದ್ದು ಹೊಸ ಕರ್ನಲ್ ಕೋಡನ್ನು.

ಇನ್ನು ಸಾಕ್ಷ್ಯದ ಮಾತು. ವಿಂಡೋಸ್‌ನ ಘಟನೆಗಳ ದಾಖಲೆ ತೋರಿಸುವ ಈವೆಂಟ್ ವ್ಯೂವರ್‌ನಲ್ಲಿ ‘ಕರ್ನಲ್-ಪವರ್ 41’ ಎಂಬ ನಮೂದು ಕಂಡ ಕೂಡಲೇ ‘ಎಸ್‌ಎಂಪಿಎಸ್ ಹೋಗಿದೆ’ ಎಂದು ತೀರ್ಪು ಕೊಡುವವರು ಕೌಂಟರ್‌ಗಳಲ್ಲಿದ್ದಾರೆ. ಆ ನಮೂದು ಹೇಳುವುದು ಇಷ್ಟೇ: ಹಿಂದಿನ ಸಲ ಯಂತ್ರ ಕ್ರಮವಾಗಿ ಶಟ್‌ಡೌನ್ ಆಗಲಿಲ್ಲ. ಯಾಕೆ ಆಗಲಿಲ್ಲ ಎಂಬುದನ್ನು ಅದು ಹೇಳುವುದಿಲ್ಲ. ಅದೇ ಪಟ್ಟಿಯಲ್ಲಿ ‘ಡಬ್ಲ್ಯುಎಚ್‌ಇಎ-ಲಾಗರ್’ ಹೆಸರಿನ ನಮೂದು ಇದ್ದರೆ ಅದಕ್ಕೆ ಹೆಚ್ಚು ತೂಕವಿದೆ, ಏಕೆಂದರೆ ಅದು ಹಾರ್ಡ್‌ವೇರ್ ತಾನೇ ಪತ್ತೆಹಚ್ಚಿ ವರದಿ ಮಾಡಿದ ದೋಷ. ಲಿನಕ್ಸ್‌ನಲ್ಲಾದರೆ ಅದು ‘ಮಷಿನ್ ಚೆಕ್’ ಎಂಬ ಹೆಸರಿನಲ್ಲಿ ಕರ್ನಲ್ ಲಾಗ್‌ನಲ್ಲಿ ಸಿಗುತ್ತದೆ. ಆದರೆ ಮನೆಬಳಕೆಯ ಹೆಚ್ಚಿನ ಯಂತ್ರಗಳಲ್ಲಿ ರ‍್ಯಾಮ್‌ನ ತಪ್ಪು ಅಲ್ಲಿಯೂ ದಾಖಲಾಗುವುದಿಲ್ಲ. ಸರ್ವರ್‌ಗಳಲ್ಲಿ ಬಳಸುವ ಇಸಿಸಿ ಮೆಮೊರಿ ಸಾಮಾನ್ಯವಾಗಿ ಪ್ರತಿ 64 ಬಿಟ್‌ಗೆ 8 ಹೆಚ್ಚುವರಿ ಬಿಟ್‌ಗಳನ್ನು ಇಟ್ಟುಕೊಂಡು, ಒಂದು ಬಿಟ್ ತಪ್ಪಿದರೆ ತಿದ್ದುತ್ತದೆ, ಎರಡು ತಪ್ಪಿದರೆ ಎಚ್ಚರಿಸುತ್ತದೆ. ನೀವು ಮನೆಗಳಿಗೆ ಮಾರುವ ಬಹುಪಾಲು ರ‍್ಯಾಮ್‌ನಲ್ಲಿ ಆ ಕಾವಲು ಇಲ್ಲ. ಹೊಸ ತಲೆಮಾರಿನ ಡಿಡಿಆರ್5 ಮೆಮೊರಿ ಚಿಪ್‌ನೊಳಗೇ ಇರುವ ಇಸಿಸಿ ಆ ಚಿಪ್‌ನೊಳಗಿನ ತಪ್ಪನ್ನಷ್ಟೇ ತಿದ್ದುತ್ತದೆ. ಅಲ್ಲಿಂದ ಪ್ರೊಸೆಸರ್‌ವರೆಗಿನ ದಾರಿಯನ್ನು ಅದು ಕಾಯುವುದಿಲ್ಲ. ಹೀಗಿರುವಾಗ ‘ಲಾಗ್‌ನಲ್ಲಿ ಏನೂ ಇಲ್ಲ, ಆದ್ದರಿಂದ ರ‍್ಯಾಮ್ ಸರಿಯಿದೆ’ ಎಂದು ಗ್ರಾಹಕರಿಗೆ ಹೇಳುವುದು ತಪ್ಪು.

ಎಸ್‌ಎಂಪಿಎಸ್‌ನ ವಿಷಯದಲ್ಲಿಯೂ ಇದೇ ಆತುರ. ಎಸ್‌ಎಂಪಿಎಸ್‌ಗಳ ಎಟಿಎಕ್ಸ್ ಮಾನದಂಡದ ಹಿಂದಿನ (3.0ಕ್ಕೆ ಮುಂಚಿನ) ಆವೃತ್ತಿಗಳ ಪ್ರಕಾರ 12 ವೋಲ್ಟ್ ಸಾಲಿನಲ್ಲಿ ಶೇ 5ರಷ್ಟು ಏರಿಳಿತಕ್ಕೆ ಅವಕಾಶವಿದೆ, ಅಂದರೆ 11.4ರಿಂದ 12.6 ವೋಲ್ಟ್. ಮಲ್ಟಿಮೀಟರ್ ಹಿಡಿದು 12.1 ಬಂತು ಎಂದರೆ ಪರೀಕ್ಷೆ ಮುಗಿಯಿತು ಎನ್ನುತ್ತಾರೆ. ಆದರೆ ಇಂದಿನ ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿನ ಅತಿಸಣ್ಣ ಭಾಗದಲ್ಲಿ ತನ್ನ ಸಾಮಾನ್ಯ ಬೇಡಿಕೆಗಿಂತ ಬಹಳ ಹೆಚ್ಚು ವಿದ್ಯುತ್ ಎಳೆಯುತ್ತದೆ. 2022ರ ಎಟಿಎಕ್ಸ್ 3.0 ಮಾನದಂಡವು ಹೊಸ ಗ್ರಾಫಿಕ್ಸ್ ಕನೆಕ್ಟರ್ ಇರುವ ಎಸ್‌ಎಂಪಿಎಸ್‌ಗಳು ತಮ್ಮ ಸಾಮರ್ಥ್ಯದ ಎರಡು ಪಟ್ಟು ಹೊರೆಯನ್ನು 100 ಮೈಕ್ರೋಸೆಕೆಂಡ್ ಕಾಲ ತಾಳಿಕೊಳ್ಳಬೇಕು ಎಂದು ವಿಧಿಸಿರುವುದು ಇದೇ ಕಾರಣಕ್ಕೆ. ಆ ಕ್ಷಣದ ಕುಸಿತ ಮಲ್ಟಿಮೀಟರ್‌ನ ಕಣ್ಣಿಗೆ ಬೀಳುವುದಿಲ್ಲ. ಹೊರೆಯಿಲ್ಲದೆ ಅಳೆದ ವೋಲ್ಟೇಜ್ ಎಸ್‌ಎಂಪಿಎಸ್ ಚೆನ್ನಾಗಿದೆ ಎಂಬುದಕ್ಕೆ ಪುರಾವೆಯಾಗಲಾರದು.

ನನ್ನ ಸ್ವಂತ ಪ್ರಕರಣವನ್ನೂ ಹೇಳಬೇಕು. ಕಂಪನಿಯ ಹೆಸರು ಹೇಳುವುದಿಲ್ಲ. ಇದು ಒಂದು ಕಂಪನಿಯ ರೋಗವಲ್ಲ.

ನನ್ನ ಮನೆಯ ಕಂಪ್ಯೂಟರ್ ಮೇಲೆ ಹೇಳಿದಂತೆಯೇ ಅಸ್ಥಿರವಾದಾಗ ಮೊದಲು ಯಂತ್ರವನ್ನು ಶುರುಮಾಡುವ ಮೂಲ ಸಾಫ್ಟ್‌ವೇರ್ ಆದ ಬಯಾಸ್‌ನ ಎಲ್ಲ ಸೆಟ್ಟಿಂಗ್‌ಗಳನ್ನು ಮೂಲಸ್ಥಿತಿಗೆ ತಂದೆ. ರ‍್ಯಾಮನ್ನು ಹೆಚ್ಚಿನ ವೇಗದಲ್ಲಿ ನಡೆಸುವ ಎಕ್ಸ್‌ಎಂಪಿ ಸೆಟ್ಟಿಂಗನ್ನೂ ಆಫ್ ಮಾಡಿದೆ. ಇದನ್ನು ಒತ್ತಿ ಹೇಳಲು ಕಾರಣವಿದೆ. ಡಿಡಿಆರ್5ಕ್ಕೆ ಹಿಂದಿನ ತಲೆಮಾರಿನ ಡಿಡಿಆರ್4ಗೆ, ಮೆಮೊರಿಯ ಮಾನದಂಡ ರೂಪಿಸುವ ಜೆಡೆಕ್ ಸಂಸ್ಥೆ ನಿಗದಿಪಡಿಸಿದ ವೇಗ 3200ಕ್ಕೆ ಮುಗಿಯುತ್ತದೆ, ವೋಲ್ಟೇಜ್ 1.2. ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ 3600 ಎಂದು ಅಚ್ಚು ಹಾಕಿ ನೀವು ಮಾರುವ ರ‍್ಯಾಮ್ ಆ ವೇಗ ಮುಟ್ಟುವುದು ಎಕ್ಸ್‌ಎಂಪಿ ಆನ್ ಮಾಡಿದಾಗ, ಸಾಮಾನ್ಯವಾಗಿ 1.35 ವೋಲ್ಟ್‌ನಲ್ಲಿ. ಜಾಹೀರಾತಿನಲ್ಲಿ ಅದು ನಿಮ್ಮ ಉತ್ಪನ್ನದ ಗುಣ. ವಾರಂಟಿ ಕೇಳಲು ಬಂದಾಗ ಅದೇ ಸೆಟ್ಟಿಂಗ್ ‘ಓವರ್‌ಕ್ಲಾಕಿಂಗ್’ ಆಗಿ ಗ್ರಾಹಕರ ಅಪರಾಧವಾಗುತ್ತದೆ. ರ‍್ಯಾಮ್ ಕಂಪನಿ ಪ್ರೊಸೆಸರ್‌ನ ಮೆಮೊರಿ ಕಂಟ್ರೋಲರನ್ನು ತೋರಿಸುತ್ತದೆ. ಪ್ರೊಸೆಸರ್ ಕಂಪನಿ ನಿಗದಿತ ವೇಗ ಮೀರಿ ನಡೆಸಿದರೆ ವಾರಂಟಿಗೆ ಧಕ್ಕೆ ಬರಬಹುದು ಎಂದು ಮೊದಲೇ ಬರೆದಿಟ್ಟುಕೊಂಡಿದೆ. ನಡುವೆ ನಿಂತವರು ಇಬ್ಬರಿಗೂ ಹಣ ಕೊಟ್ಟವರು. ಮಾರುವಾಗ ಒಂದು ಮಾತು, ಬದಲಾಯಿಸಿಕೊಡುವಾಗ ಇನ್ನೊಂದು ಮಾತು ಆಡಬೇಡಿ ಎಂದು ನೇರವಾಗಿಯೇ ಹೇಳುತ್ತೇನೆ. ನನ್ನ ಪ್ರಕರಣದಲ್ಲಿ ಎಕ್ಸ್‌ಎಂಪಿ ಇಲ್ಲದೆಯೂ ದೋಷ ಹಾಗೆಯೇ ಇತ್ತು.

ಆಮೇಲೆ ಪೆನ್‌ಡ್ರೈವ್‌ನಿಂದ ಮೆಮ್‌ಟೆಸ್ಟ್86+ ಎಂಬ ಮೆಮೊರಿ ಪರೀಕ್ಷೆ ನಡೆಸಿದೆ. ಅದು ವಿಂಡೋಸ್ ಇಲ್ಲದೆ ತಾನೇ ಬೂಟ್ ಆಗಿ ನಡೆಯುವ ಪರೀಕ್ಷೆಯಾದ್ದರಿಂದ ಫಾರ್ಮ್ಯಾಟ್ ಮಾಡಿ ಎಂಬ ಸಲಹೆಗೆ ಅಲ್ಲಿಗೆ ಅರ್ಥ ಉಳಿಯಲಿಲ್ಲ. ಮೊದಲ ಸುತ್ತು ಒಂದೂ ತಪ್ಪಿಲ್ಲದೆ ಮುಗಿಯಿತು. ರಾತ್ರಿಯಿಡೀ ನಡೆಯಲು ಬಿಟ್ಟಾಗ, ಯಂತ್ರ ಚೆನ್ನಾಗಿ ಬಿಸಿಯಾದ ಮೇಲಿನ ಸುತ್ತುಗಳಲ್ಲಿ ತಪ್ಪುಗಳು ಬಂದವು. ಎಲ್ಲವೂ ಹತ್ತಿರ ಹತ್ತಿರದ ವಿಳಾಸಗಳಲ್ಲಿ, ಎಲ್ಲದರಲ್ಲಿಯೂ ತಿರುಗಿಬಿದ್ದದ್ದು (0 ಇದ್ದದ್ದು 1 ಅಥವಾ 1 ಇದ್ದದ್ದು 0 ಆದದ್ದು) ಅದೇ ಒಂದು ಬಿಟ್. ಎರಡು ರ‍್ಯಾಮ್ ಪಟ್ಟಿಗಳನ್ನು, ಅಂದರೆ ಮಾಡ್ಯೂಲ್‌ಗಳನ್ನು ಬೇರೆ ಬೇರೆಯಾಗಿ ಒಂದೇ ಸ್ಲಾಟ್‌ನಲ್ಲಿ ಹಾಕಿ ನೋಡಿದೆ: ಒಂದು ಶುದ್ಧ, ಇನ್ನೊಂದರಲ್ಲಿ ತಪ್ಪು. ತಪ್ಪು ತೋರಿಸಿದ್ದನ್ನು ಬೇರೆ ಸ್ಲಾಟ್‌ಗೆ ಹಾಕಿದೆ, ತಪ್ಪು ಅದರ ಜೊತೆಗೇ ಹೋಯಿತು. ಪರಿಚಿತರ ಕಂಪ್ಯೂಟರ್‌ನಲ್ಲಿ, ಬೇರೆಯದೇ ಮದರ್‌ಬೋರ್ಡ್ ಮತ್ತು ಪ್ರೊಸೆಸರ್‌ನ ಮೇಲೆ ಹಾಕಿದೆ, ಅಲ್ಲಿಗೂ ಹೋಯಿತು. ಶುದ್ಧವಾದದ್ದು ಎಲ್ಲೆಡೆ ಶುದ್ಧವಾಗಿಯೇ ಉಳಿಯಿತು. ಮದರ್‌ಬೋರ್ಡ್, ಸ್ಲಾಟ್, ಪ್ರೊಸೆಸರ್, ಎಸ್‌ಎಂಪಿಎಸ್ ಎಲ್ಲವೂ ಬದಲಾದ ಮೇಲೆಯೂ ದೋಷ ಬದಲಾಗದೆ ಉಳಿದರೆ, ಉಳಿದ ಆ ಒಂದೇ ವಸ್ತುವಿನಲ್ಲಿ ದೋಷವಿದೆ ಎಂದು ಹೇಳಲು ಇನ್ನೇನು ಬೇಕು? ಪರದೆಯ ಚಿತ್ರಗಳನ್ನೂ, ಹಂತಹಂತವಾಗಿ ಏನು ಮಾಡಿದೆ ಎಂಬ ಬರಹವನ್ನೂ ಮಾಡ್ಯೂಲ್‌ನ ಜೊತೆಗಿಟ್ಟು ಕಳುಹಿಸಿದೆ.

ಅದೇ ಮಾಡ್ಯೂಲ್, ಅದೇ ಸೀರಿಯಲ್ ನಂಬರ್, ಆ ಒಂದು ಸಾಲಿನ ಷರಾದೊಂದಿಗೆ ಹಿಂದಿರುಗಿತು. ಫೋನ್ ಮಾಡಿ ವಿಚಾರಿಸಿದಾಗ ಸರ್ವಿಸ್ ಸೆಂಟರ್‌ನವರು ಸೌಜನ್ಯದಿಂದಲೇ ಮಾತನಾಡಿದರು. ಬೋರ್ಡ್‌ಗೆ ಹಾಕಿದಾಗ ವಿಂಡೋಸ್ ಶುರುವಾಯಿತು, ಒಂದು ಚಿಕ್ಕ ಪರೀಕ್ಷೆ ನಡೆಸಿದೆವು, ಪಾಸಾಯಿತು ಎಂದರು. ನಾನು ಇಟ್ಟಿದ್ದ ಬರಹವನ್ನು ಓದಿದಿರಾ ಎಂದು ಕೇಳಿದ್ದಕ್ಕೆ, ಗ್ರಾಹಕರ ಪರೀಕ್ಷೆಯನ್ನು ಪರಿಗಣಿಸುವ ಪದ್ಧತಿ ತಮ್ಮಲ್ಲಿಲ್ಲ ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಓದಬೇಡಿ ಎಂದು ಅವರಿಗೆ ಕಲಿಸಿದ ಪದ್ಧತಿ ನಿಮ್ಮದು, ಆದ್ದರಿಂದ ನಿಮಗೆ ಬರೆಯುತ್ತಿದ್ದೇನೆ.

ಆ ಚಿಕ್ಕ ಪರೀಕ್ಷೆ ಯಾಕೆ ಸಾಲದು ಎಂಬುದು ನಿಮ್ಮ ಎಂಜಿನಿಯರ್‌ಗಳಿಗೆ ನನಗಿಂತ ಚೆನ್ನಾಗಿ ಗೊತ್ತು. ಆದರೂ ವಾರಂಟಿ ವಿಭಾಗಕ್ಕೆ ಅದು ತಲುಪಿದಂತೆ ಕಾಣುವುದಿಲ್ಲ. 16 ಜಿಬಿಯ ಒಂದು ಮಾಡ್ಯೂಲ್‌ನಲ್ಲಿ ಸುಮಾರು 13,700 ಕೋಟಿ ಬಿಟ್‌ಗಳಿವೆ. ಒಂದೊಂದು ಬಿಟ್ ಒಂದೊಂದು ಪುಟ್ಟ ಕೆಪಾಸಿಟರ್‌ನಲ್ಲಿರುವ ವಿದ್ಯುದಂಶ. ಅದು ಸದಾ ಸೋರುತ್ತಲೇ ಇರುತ್ತದೆ. ಸೋರಿಹೋಗುವ ಮೊದಲು ಮತ್ತೆ ತುಂಬುವ ಕೆಲಸ ಡಿಡಿಆರ್4ರಲ್ಲಿ ಪ್ರತಿ 64 ಮಿಲಿಸೆಕೆಂಡಿಗೊಮ್ಮೆ ನಡೆಯಬೇಕು. ಬಿಸಿ ಏರಿದಷ್ಟೂ ಸೋರಿಕೆ ಹೆಚ್ಚು, ಹಾಗಾಗಿಯೇ 85 ಡಿಗ್ರಿ ಸೆಲ್ಸಿಯಸ್ ದಾಟಿದರೆ ಆ ಅವಧಿಯನ್ನು ಅರ್ಧಕ್ಕೆ ಇಳಿಸಬೇಕು ಎಂದು ಮಾನದಂಡವೇ ಹೇಳುತ್ತದೆ. ಈ ಕೋಟ್ಯಂತರ ಕೋಶಗಳಲ್ಲಿ ಒಂದು ಕೋಶ ದುರ್ಬಲವಾಗಿದ್ದು ಉಳಿದವುಗಳಿಗಿಂತ ಬೇಗ ಸೋರಿದರೆ, ತಂಪಾದ ಕೋಣೆಯಲ್ಲಿ, ತೆರೆದ ಮೇಜಿನ ಮೇಲೆ, ಆಗಷ್ಟೇ ಆನ್ ಮಾಡಿದ ಬೋರ್ಡ್‌ನಲ್ಲಿ ಅದು ಸರಿಯಾಗಿಯೇ ಇರುತ್ತದೆ. ಮುಚ್ಚಿದ ಕ್ಯಾಬಿನೆಟ್‌ನೊಳಗೆ, ಗ್ರಾಫಿಕ್ಸ್ ಕಾರ್ಡ್‌ನ ಬಿಸಿಗಾಳಿಯ ನಡುವೆ, ಗಂಟೆಗಟ್ಟಲೆ ಕೆಲಸದ ನಂತರ ತಪ್ಪುತ್ತದೆ. ಇದಕ್ಕಿಂತ ತೊಡಕಿನ ಕೋಶಗಳೂ ಇವೆ: ಅವುಗಳ ಧಾರಣಶಕ್ತಿಯೇ ಕಾಲಕಾಲಕ್ಕೆ ತನ್ನಷ್ಟಕ್ಕೆ ಏರಿಳಿಯುತ್ತದೆ. ನಿನ್ನೆ ಪಾಸಾದ ಕೋಶ ಇಂದು ತಪ್ಪಿ ನಾಳೆ ಮತ್ತೆ ಪಾಸಾಗಬಹುದು. ವೈದ್ಯರ ಮುಂದೆ ಇಳಿದು ಮನೆಗೆ ಬಂದಾಗ ಏರುವ ಜ್ವರವನ್ನು ಜ್ವರವೇ ಅಲ್ಲ ಎಂದು ಯಾರೂ ಹೇಳುವುದಿಲ್ಲ. ಮನೆಯವರು ಬರೆದಿಟ್ಟ ತಾಪಮಾನವನ್ನು ವೈದ್ಯರು ಕೇಳಿ ಓದುತ್ತಾರೆ.

‘ರ‍್ಯಾಮ್‌ನಲ್ಲಿ ಅಪರೂಪಕ್ಕೊಮ್ಮೆ ಬಿಟ್ ತಿರುಗುವುದು ಸಹಜ, ಅದಕ್ಕೆಲ್ಲ ಬದಲಿ ಕೊಡಲಾಗದು’ ಎಂಬ ವಾದವೂ ಇದೆ. ಗೂಗಲ್‌ನ ಸರ್ವರ್‌ಗಳನ್ನು ಎರಡೂವರೆ ವರ್ಷ ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಾದವನ್ನು ಬಲವಾಗಿ ಅಲ್ಲಗಳೆಯಿತು. ವರ್ಷವೊಂದರಲ್ಲಿ ಶೇ 8ಕ್ಕಿಂತ ಹೆಚ್ಚು ಮಾಡ್ಯೂಲ್‌ಗಳಲ್ಲಿ ತಪ್ಪುಗಳು ಕಂಡವು. ಅವು ಎಲ್ಲ ಮಾಡ್ಯೂಲ್‌ಗಳಲ್ಲಿ ಸಮವಾಗಿ ಚದುರಿರಲಿಲ್ಲ. ಒಮ್ಮೆ ತಪ್ಪಿದ ಮಾಡ್ಯೂಲ್ ಮತ್ತೆ ಮತ್ತೆ ತಪ್ಪುವ ಸಾಧ್ಯತೆಯೇ ಹೆಚ್ಚಿತ್ತು. ಆಕಾಶದಿಂದ ಬಂದ ಕಣವೊಂದರ ಆಕಸ್ಮಿಕ ಪೆಟ್ಟಿಗಿಂತ ಹಾರ್ಡ್‌ವೇರ್‌ನಲ್ಲಿ ನೆಲೆನಿಂತ ದೋಷವೇ ಮುಖ್ಯ ಕಾರಣ ಎಂಬುದು ಆ ಸಂಶೋಧಕರ ತೀರ್ಮಾನ. ಅದೇ ವಿಳಾಸ, ಅದೇ ಬಿಟ್ ಎಂದು ಗ್ರಾಹಕರು ತೋರಿಸಿದಾಗ ಅದನ್ನು ಆಕಸ್ಮಿಕ ಎನ್ನಲು ಬರುವುದಿಲ್ಲ.

ಗ್ರಾಹಕರ ಪರೀಕ್ಷೆಗೆ ಬೆಲೆಯಿಲ್ಲ ಎನ್ನುವ ಮೊದಲು ನಿಮ್ಮ ಉದ್ಯಮದ ಚರಿತ್ರೆಯನ್ನೇ ಒಮ್ಮೆ ನೆನಪಿಸಿಕೊಳ್ಳಿ. 1994ರಲ್ಲಿ ಇಂಟೆಲ್‌ನ ಪೆಂಟಿಯಂ ಪ್ರೊಸೆಸರ್‌ನ ಭಾಗಾಕಾರದ ದೋಷವನ್ನು ಹೊರಗಿನ ಜಗತ್ತಿಗೆ ತಿಳಿಸಿದ್ದು ಲಿಂಚ್‌ಬರ್ಗ್ ಕಾಲೇಜಿನ ಗಣಿತ ಪ್ರಾಧ್ಯಾಪಕ ಥಾಮಸ್ ನೈಸ್ಲಿ. ಜೋಡಿ ಅವಿಭಾಜ್ಯ ಸಂಖ್ಯೆಗಳ ವ್ಯುತ್ಕ್ರಮಗಳನ್ನು ಕೂಡಿಸುತ್ತಿದ್ದ ಅವರಿಗೆ ಜೂನ್‌ನಲ್ಲಿ ಲೆಕ್ಕ ತಾಳೆಯಾಗಲಿಲ್ಲ. ತಮ್ಮ ಪ್ರೋಗ್ರಾಮ್, ಕಂಪೈಲರ್, ಮದರ್‌ಬೋರ್ಡ್ ಹೀಗೆ ಒಂದೊಂದನ್ನೇ ಅನುಮಾನದಿಂದ ಹೊರಗಿಡುತ್ತ ಪ್ರೊಸೆಸರ್‌ಗೆ ಬಂದು ಮುಟ್ಟಲು ಅವರಿಗೆ ಅಕ್ಟೋಬರ್ ಆಯಿತು. ಇಂಟೆಲ್ ಮೊದಲು ಹೇಳಿದ್ದೇನು? ತಮ್ಮ ಕೆಲಸಕ್ಕೆ ಈ ದೋಷ ತಟ್ಟುತ್ತದೆ ಎಂದು ತೋರಿಸಿಕೊಟ್ಟವರಿಗೆ ಮಾತ್ರ ಬದಲಿ ಪ್ರೊಸೆಸರ್. ಜನರ ಆಕ್ರೋಶ ಏರಿತು, ಐಬಿಎಂ ಆ ಪ್ರೊಸೆಸರ್ ಇರುವ ಯಂತ್ರಗಳ ಪೂರೈಕೆ ನಿಲ್ಲಿಸಿತು. ಡಿಸೆಂಬರ್ 20ರಂದು ಇಂಟೆಲ್ ಪ್ರಶ್ನೆ ಕೇಳದೆ ಎಲ್ಲರಿಗೂ ಬದಲಿ ಕೊಡುವುದಾಗಿ ಪ್ರಕಟಿಸಿ, ಅದಕ್ಕಾಗಿ 47.5 ಕೋಟಿ ಡಾಲರ್‌ಗಳನ್ನು ಲೆಕ್ಕದಲ್ಲಿ ತೆಗೆದಿಡಬೇಕಾಯಿತು. ಬಾಗಿಲು ತೆರೆದ ಮೇಲೆ ಬದಲಿ ಕೇಳಿ ಬಂದವರು ಮಾತ್ರ ಮಾಲೀಕರಲ್ಲಿ ಒಂದು ಸಣ್ಣ ಭಾಗ. ಕೊಡುತ್ತೇವೆ ಎಂದರೆ ಎಲ್ಲರೂ ಮುಗಿಬೀಳುತ್ತಾರೆ ಎಂಬ ನಿಮ್ಮ ಭಯಕ್ಕೆ ಇದಕ್ಕಿಂತ ದೊಡ್ಡ ಉತ್ತರ ನನಗೆ ಗೊತ್ತಿಲ್ಲ.

ಅದು ಹಳೆಯ ಕಥೆ ಎನ್ನುವಿರಾದರೆ 2024ಕ್ಕೆ ಬನ್ನಿ. ಇಂಟೆಲ್‌ನ 13 ಮತ್ತು 14ನೆಯ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ ಆಟಗಳು ಶುರುವಾಗುವಾಗಲೇ ‘ವಿಡಿಯೊ ಮೆಮೊರಿ ಸಾಲದು’ ಎಂಬ ಸಂದೇಶ ಬಂದು ನಿಲ್ಲುತ್ತಿದ್ದವು. ಸಂದೇಶ ಬೊಟ್ಟು ಮಾಡಿದ್ದು ಗ್ರಾಫಿಕ್ಸ್ ಕಾರ್ಡಿನತ್ತ, ದೋಷವಿದ್ದದ್ದು ಪ್ರೊಸೆಸರ್‌ನಲ್ಲಿ: ಸಂಕುಚಿತ ದತ್ತಾಂಶವನ್ನು ಬಿಚ್ಚುವ ಕಠಿಣ ಕೆಲಸದಲ್ಲಿ ಅದು ತಪ್ಪು ಲೆಕ್ಕ ಮಾಡುತ್ತಿತ್ತು. ಏನೂ ಕೆಟ್ಟಿರದ ಗ್ರಾಫಿಕ್ಸ್ ಕಾರ್ಡನ್ನು ಬಿಚ್ಚಿ ಸರ್ವಿಸ್ ಸೆಂಟರ್‌ಗೆ ಹೊತ್ತೊಯ್ಯಲು ಆ ಒಂದು ಸಂದೇಶವೇ ಸಾಕಾಗಿತ್ತು. ಕೊನೆಗೆ ಇಂಟೆಲ್, ಹೆಚ್ಚಿನ ವೋಲ್ಟೇಜ್ ಮತ್ತು ಬಿಸಿಯಲ್ಲಿ ಪ್ರೊಸೆಸರ್‌ನ ಗಡಿಯಾರದ ಸರ್ಕ್ಯೂಟ್ ಸವೆಯುತ್ತದೆ ಎಂದು ವಿವರಿಸಿತು, ಮೈಕ್ರೋಕೋಡ್ (ಪ್ರೊಸೆಸರ್‌ನೊಳಗಿನ ನಿಯಂತ್ರಣ ಕೋಡ್) ತಿದ್ದುಪಡಿಗಳನ್ನು ಬಿಡುಗಡೆ ಮಾಡಿತು, ಈಗಾಗಲೇ ಸವೆದದ್ದು ಅದರಿಂದ ಸರಿಯಾಗುವುದಿಲ್ಲ ಎಂದು ಒಪ್ಪಿಕೊಂಡು ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ತಡವಾಗಿ ಬಂದರೂ ಅದು ಸರಿಯಾದ ಹೆಜ್ಜೆ. ಆದರೆ ಅಲ್ಲಿಯವರೆಗಿನ ತಿಂಗಳುಗಳಲ್ಲಿ ‘ದೋಷ ಕಂಡುಬಂದಿಲ್ಲ’ ಎಂಬ ಉತ್ತರ ಪಡೆದವರಿಗೆ ತಮ್ಮ ಯಂತ್ರದ ಬಗ್ಗೆ ತಾವು ಹೇಳುತ್ತಿದ್ದದ್ದು ನಿಜವೆಂದು ಒಪ್ಪಿಸಲು ದಾರಿಯೇ ಇರಲಿಲ್ಲ.

ನಿಮ್ಮ ಕಡೆಯ ಕಷ್ಟವೂ ಸುಳ್ಳಲ್ಲ. ಮೂಲ ಕಾರಣ ಹುಡುಕದೆ ಕೈಗೆ ಸಿಕ್ಕಿದ ಬಿಡಿಭಾಗವನ್ನು ವಾಪಸ್ ಕಳುಹಿಸುವವರಿದ್ದಾರೆ. ಸಡಿಲವಾದ ಸಾಟಾ ಕೇಬಲ್‌ನಿಂದ ಆದ ತೊಂದರೆಗೆ ಡಿಸ್ಕನ್ನು ದೂರುವವರಿದ್ದಾರೆ, ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಕೊಡುವ ಸ್ಮಾರ್ಟ್ ವರದಿಯ 199ನೆಯ ಸಾಲಿನಲ್ಲಿ ಸಿಆರ್‌ಸಿ (ದತ್ತಾಂಶ ಸಾಗಣೆಯ) ತಪ್ಪುಗಳಷ್ಟೇ ಏರುತ್ತಿದ್ದರೆ ಮೊದಲು ನೋಡಬೇಕಾದದ್ದು ಕೇಬಲನ್ನು. ತಾವೇ ಮುರಿದ ಪಿನ್‌ಗೆ ಬದಲಿ ಕೇಳುವವರೂ ಇರಬಹುದು. ಇವರೆಲ್ಲರನ್ನೂ ಬೇರ್ಪಡಿಸುವುದು ನಿಮ್ಮ ಹಕ್ಕು. ಬೇರ್ಪಡಿಸುವ ಉಪಾಯ ಸಾಕ್ಷ್ಯವನ್ನು ಓದುವುದರಲ್ಲಿದೆ. ಸಾಕ್ಷ್ಯ ತಂದವರನ್ನೂ ತರದವರನ್ನೂ ಒಂದೇ ಚಿಕ್ಕ ಪರೀಕ್ಷೆಯಲ್ಲಿ ಜಾಲಾಡುವುದರಲ್ಲಿ ಇಲ್ಲ.

ಅದಕ್ಕೇ ನನ್ನ ಮುಖ್ಯ ಬೇಡಿಕೆ ಇದು. ಬಿಡಿಭಾಗವನ್ನು ಸರಿಯಿದೆ ಎಂದು ಹಿಂದಿರುಗಿಸುವಾಗ ಪರೀಕ್ಷೆಯ ವರದಿಯನ್ನು ಜೊತೆಗಿಡಿ. ಯಾವ ಪರೀಕ್ಷೆ, ಎಷ್ಟು ಗಂಟೆ, ಯಾವ ಬೋರ್ಡ್, ಎಷ್ಟು ವೇಗ, ಎಷ್ಟು ವೋಲ್ಟೇಜ್, ಎಷ್ಟು ಬಿಸಿ, ಅಷ್ಟು ಸಾಕು. ಗ್ರಾಹಕರು ದೋಷ ಕಾಣಿಸಿಕೊಳ್ಳುವ ಸ್ಥಿತಿಯನ್ನು ಬರೆದು ಕೊಟ್ಟಿದ್ದರೆ ಅದೇ ಸ್ಥಿತಿಯಲ್ಲಿ ಪರೀಕ್ಷಿಸಿ. ಹಾಗೆ ಪರೀಕ್ಷಿಸಲು ಸಮಯವಿಲ್ಲ, ಉಪಕರಣವಿಲ್ಲ ಎಂದಾದರೆ, ಬಿಡಿಭಾಗವನ್ನು ಬೇರೆ ಯಂತ್ರದಲ್ಲಿಯೂ ಹಾಕಿ ದೋಷ ಅದರ ಜೊತೆಗೇ ಹೋಗುತ್ತದೆ ಎಂದು ತೋರಿಸಿದ ಗ್ರಾಹಕರ ಮಾತನ್ನು ಒಪ್ಪಿ ಬದಲಿ ಕೊಡಿ. ಎರಡರಲ್ಲಿ ಒಂದನ್ನು ಮಾಡಲೇಬೇಕು. ಪರೀಕ್ಷಿಸುವುದೂ ಇಲ್ಲ, ನಂಬುವುದೂ ಇಲ್ಲ ಎಂಬ ಈಗಿನ ನಿಲುವು ವಾರಂಟಿ ಪತ್ರದಲ್ಲಿ ನೀವೇ ಬರೆದ ಮಾತಿಗೆ ವಿರುದ್ಧ.

ಬದಲಿಯಾಗಿ ಬರುವ ವಸ್ತುವಿನ ಬಗ್ಗೆಯೂ ಒಂದು ಮಾತು. ಹಲವು ಸಲ ಅದು ಹೊಸದಾಗಿರುವುದಿಲ್ಲ, ಬೇರೊಬ್ಬರು ಹಿಂದಿರುಗಿಸಿದ್ದನ್ನು ಪರೀಕ್ಷಿಸಿ ಕೊಟ್ಟದ್ದಾಗಿರುತ್ತದೆ. ನಿಮ್ಮ ಷರತ್ತುಗಳಲ್ಲಿ ಅದಕ್ಕೆ ಅವಕಾಶವಿದೆ, ಒಪ್ಪುತ್ತೇನೆ. ಆದರೆ ಚಿಕ್ಕ ಪರೀಕ್ಷೆಯಲ್ಲಿ ಪಾಸಾದ ಅರ್ಧ ಕೆಟ್ಟ ಮಾಡ್ಯೂಲ್‌ಗಳು ಅದೇ ರಾಶಿಗೆ ಸೇರುತ್ತವೆ ಎಂಬುದನ್ನು ಯೋಚಿಸಿ. ಒಬ್ಬರ ಮನೆಯಿಂದ ಹೊರಟ ದೋಷ ಬದಲಿಯ ಹೆಸರಿನಲ್ಲಿ ಇನ್ನೊಬ್ಬರ ಮನೆ ಸೇರುತ್ತದೆ. ಪರೀಕ್ಷೆಯನ್ನು ಗಟ್ಟಿಗೊಳಿಸಿದರೆ ಇದೂ ನಿಲ್ಲುತ್ತದೆ, ಮತ್ತೆ ಮತ್ತೆ ಬರುವ ದೂರುಗಳ ಖರ್ಚೂ ನಿಮಗೆ ಉಳಿಯುತ್ತದೆ.

ಜೋಡಿಯಾಗಿ ಮಾರಿದ ರ‍್ಯಾಮ್‌ನಲ್ಲಿ ಒಂದು ಕೆಟ್ಟರೆ ಎರಡನ್ನೂ ಕಳುಹಿಸಿ ಎನ್ನುತ್ತೀರಿ. ಜೋಡಿ ಹೊಂದಬೇಕು ಎಂಬ ಕಾರಣ ನ್ಯಾಯವಾದದ್ದೇ. ಆದರೆ ಅಷ್ಟೂ ದಿನ ಆ ಮನೆಯಲ್ಲಿ ಕಂಪ್ಯೂಟರ್ ಇಲ್ಲ. ಓದುವ ಮಕ್ಕಳಿರುತ್ತಾರೆ, ಮನೆಯಿಂದಲೇ ದುಡಿಯುವವರಿರುತ್ತಾರೆ. ಠೇವಣಿ ಪಡೆದು ಬದಲಿಯನ್ನು ಮೊದಲು ಕಳುಹಿಸುವ ಪದ್ಧತಿಯನ್ನು ಕೆಲವು ಕಂಪನಿಗಳು ಈಗಾಗಲೇ ನಡೆಸುತ್ತಿವೆ, ಉಳಿದವರಿಗೆ ಏನು ಅಡ್ಡಿ? ವಸ್ತು ನಿಮ್ಮ ಬಳಿ ಇದ್ದ ದಿನಗಳನ್ನು ವಾರಂಟಿ ಅವಧಿಗೆ ಸೇರಿಸಿಕೊಡುವುದೂ ಕನಿಷ್ಠ ನ್ಯಾಯ. ಹಾಗೆಯೇ, ರ‍್ಯಾಮ್ ಅಥವಾ ಎಸ್‌ಎಂಪಿಎಸ್ ದೂರಿಗೆ ಡಿಸ್ಕ್ ಸಮೇತ ಇಡೀ ಕಂಪ್ಯೂಟರನ್ನು ತನ್ನಿ, ಪಾಸ್‌ವರ್ಡ್ ಬರೆದುಕೊಡಿ ಎಂದು ಕೇಳುವುದನ್ನು ದಯವಿಟ್ಟು ನಿಲ್ಲಿಸಿ. ಜನರ ಖಾಸಗಿ ಬದುಕೆಲ್ಲ ಆ ಡಿಸ್ಕ್‌ನಲ್ಲಿದೆ, ಮೆಮೊರಿ ಪರೀಕ್ಷೆಗೆ ಅದು ಬೇಕಿಲ್ಲ.

ಅಸ್ಥಿರ ಕಂಪ್ಯೂಟರ್ ಎಂದರೆ ಆಟ ನಡುವೆ ನಿಲ್ಲುವ ಕಿರಿಕಿರಿ ಎಂದಷ್ಟೇ ನಿಮ್ಮಲ್ಲಿ ಕೆಲವರು ಭಾವಿಸಿದ್ದೀರಿ ಎಂದು ನನಗೆ ಅನಿಸುತ್ತದೆ. ಯಂತ್ರ ನಿಂತುಬಿಟ್ಟರೆ ಒಂದು ರೀತಿಯಲ್ಲಿ ಒಳ್ಳೆಯದೇ, ತಪ್ಪು ಕಣ್ಣಿಗೆ ಕಾಣುತ್ತದೆ. ನಿಲ್ಲದೆ ತಪ್ಪು ಮಾಡಿದಾಗ ಆಗುವ ಹಾನಿ ದೊಡ್ಡದು. ಫೋಟೊವನ್ನು ಒಂದು ಡಿಸ್ಕಿನಿಂದ ಇನ್ನೊಂದಕ್ಕೆ ನಕಲು ಮಾಡುವಾಗ ಅದು ರ‍್ಯಾಮ್ ಮೂಲಕವೇ ಹಾದುಹೋಗುತ್ತದೆ. ಅಲ್ಲಿ ಒಂದು ಬಿಟ್ ತಿರುಗಿದರೆ ಡಿಸ್ಕ್ ಆ ತಪ್ಪನ್ನೇ ಸರಿಯೆಂದು ನಂಬಿ ಬರೆದುಕೊಳ್ಳುತ್ತದೆ. ಬ್ಯಾಕಪ್‌ಗೂ ಅದೇ ತಪ್ಪು ಹೋಗುತ್ತದೆ. ವರ್ಷಗಳ ನಂತರ ತೆರೆದಾಗ ಅರ್ಧ ಚಿತ್ರ ಬೂದಿಬಣ್ಣ, ಪ್ರಬಂಧದ ಫೈಲ್ ತೆರೆಯುವುದಿಲ್ಲ, ಲೆಕ್ಕದ ಹಾಳೆಯಲ್ಲಿ ಯಾರೂ ಬರೆಯದ ಅಂಕಿ. ಆಗ ಯಾವ ವಾರಂಟಿಯೂ ಅದನ್ನು ತಂದುಕೊಡಲಾರದು. ದೋಷವಿರುವ ಮಾಡ್ಯೂಲನ್ನು ನೀವು ಹಿಂದಿರುಗಿಸಿದಾಗ ಅದನ್ನು ಮತ್ತೆ ಯಂತ್ರಕ್ಕೆ ಹಾಕಿ ಎಂದು ಹೇಳಿದಂತೆಯೇ ಆಯಿತು. ನಾನು ಹಾಕಲಿಲ್ಲ. ಹಾಕಿದವರು ಬಹಳ ಮಂದಿ ಇರುತ್ತಾರೆ, ಏಕೆಂದರೆ ಅವರು ನಿಮ್ಮ ಷರಾವನ್ನು ನಂಬಿದರು.

ಇದನ್ನು ಓದುತ್ತಿರುವ ಇತರ ಬಳಕೆದಾರರಿಗೆ ಇಷ್ಟು ಹೇಳುತ್ತೇನೆ: ಒಂದು ಸಲಕ್ಕೆ ಒಂದೇ ಬಿಡಿಭಾಗ ಬದಲಾಯಿಸಿ ನೋಡಿ, ನೋಡಿದ್ದನ್ನು ದಿನಾಂಕದೊಂದಿಗೆ ಬರೆದಿಡಿ, ಪರದೆಯ ಚಿತ್ರ ತೆಗೆದಿಡಿ, ಯಂತ್ರ ಕುಸಿದಾಗ ವಿಂಡೋಸ್ ಉಳಿಸುವ ಮಿನಿಡಂಪ್ ಫೈಲ್‌ಗಳನ್ನು ಅಳಿಸಬೇಡಿ, ಕಳುಹಿಸುವ ಮೊದಲು ಸೀರಿಯಲ್ ನಂಬರ್‌ನ ಚಿತ್ರವನ್ನೂ ತೆಗೆದುಕೊಳ್ಳಿ. ಒಮ್ಮೆ ತಿರಸ್ಕೃತವಾದರೆ ಪರೀಕ್ಷೆಯ ವಿವರವನ್ನು ಬರಹದಲ್ಲಿ ಕೇಳಿ. ಕೇಳುವವರು ಹೆಚ್ಚಾದಷ್ಟೂ ಕೊಡದೆ ಇರುವುದು ಕಷ್ಟವಾಗುತ್ತದೆ.

ಮಾನ್ಯರೇ, ನಿಮ್ಮ ಕಂಪನಿಯ ವಾರಂಟಿ ಪರೀಕ್ಷೆ ಏನು, ಎಷ್ಟು ಹೊತ್ತು ನಡೆಯುತ್ತದೆ, ಗ್ರಾಹಕರು ಯಾವ ಸಾಕ್ಷ್ಯ ತಂದರೆ ಒಪ್ಪುತ್ತೀರಿ ಎಂಬುದನ್ನು ಸಾರ್ವಜನಿಕವಾಗಿ ಪ್ರಕಟಿಸಬೇಕೆಂದು ಕೋರುತ್ತೇನೆ. ಒಬ್ಬರಿಗೊಬ್ಬರು ಕಾಯಬೇಡಿ. ಮೊದಲು ಪ್ರಕಟಿಸಿದ ಕಂಪನಿಯ ಪದ್ಧತಿಯನ್ನು ಉಳಿದವರ ಮುಂದಿಟ್ಟು ಕೇಳುವ ಕೆಲಸ ನಮ್ಮದು.

ವಂದನೆಗಳೊಂದಿಗೆ,
ನಿಮ್ಮ ಗ್ರಾಹಕರಲ್ಲಿ ಒಬ್ಬರು